ಪರ್ವತವರ್ಣನೆಯೂ ಸ್ವಭಾವೋಕ್ತಿಯೂ

ಬೆನ್ನಿಗೆ ಚೀಲವನ್ನು ಬಿಗಿದು, ಪರದೇಶಗಳ ಗಿರಿಶಿಖರಗಳನ್ನೂ ಪಾಳುಬಿದ್ದ ಪ್ರಾಚೀನ ನಗರಗಳನ್ನೂ ಕಾಲ್ನಡಿಗೆಯಿಂದ ನೋಡಿಬರುವ ತರುಣರು ಈಗ ನಮ್ಮ ಹಾಸನದ ಸೀಮೆಯಲ್ಲಿಯೂ ಇದ್ದಾರೆ. ಹೋಗಿಬಂದವರು ಅನುಭವಗಳನ್ನು ಬರೆಯುತ್ತಲೂ ಇದ್ದಾರೆ. ಇದು ಸಂತೋಷದ ಸಂಗತಿಯೇ ಸರಿ. ಆದರೆ ಅಂಥ ಬರಹಗಳನ್ನು ಓದಿದಾಗ, ಬರೆದವನು ಪರ್ವತವನ್ನು ಹತ್ತಿದನೆಂಬುದು ತಿಳಿಯುತ್ತದೆಯೇ ಹೊರತು ಆ ಪರ್ವತವು ಹೇಗಿತ್ತೆಂಬುದು ತಿಳಿಯುವುದಿಲ್ಲ. ಈ ಕೊರತೆಯ ಮೂಲವನ್ನು ವಿಚಾರಮಾಡುವುದೇ ಪ್ರಕೃತ ಲೇಖನದ ಉದ್ದೇಶವು.

ಸ್ವಭಾವೋಕ್ತಿಯ ವಿಷಯವಾಗಿ ನಮ್ಮ ಆಲಂಕಾರಿಕರಲ್ಲಿ ಹಳೆಯದೊಂದು ವಿವಾದವುಂಟು. ದಂಡಿಯು ‘ಕಾವ್ಯಾದರ್ಶ’ದಲ್ಲಿ ಅರ್ಥಾಲಂಕಾರಗಳನ್ನು ಎಣಿಸುವಾಗ ಅದಕ್ಕೆ ಮೊದಲ ಸ್ಥಾನವನ್ನು ಕೊಟ್ಟನು. ವಸ್ತುವಿನ ಸ್ವಭಾವವೇ ಅಲಂಕಾರವಾದರೆ ಅಲಂಕರಿಸಿಕೊಳ್ಳುವುದಕ್ಕೆ ಮತ್ತೇನು ಉಳಿಯಿತೆಂದು ಕುಂತಕನು ಆಕ್ಷೇಪಿಸಿದನು. ಪಾಠಶಾಲೆಯ ದಿನಗಳಲ್ಲಿ ನನಗೆ ಕುಂತಕನ ಪಕ್ಷವೇ ರುಚಿಸುತ್ತಿತ್ತು. ಪ್ರವಾಸಕಥನಗಳನ್ನು ಓದುತ್ತ ಬಂದಮೇಲೆ ದಂಡಿಯ ಕಡೆಗೆ ಸರಿದಿದ್ದೇನೆ. ಏಕೆಂದರೆ ಸಣ್ಣ ವಸ್ತುವನ್ನು ಅತಿಶಯೋಕ್ತಿಯಿಂದ ದೊಡ್ಡದು ಮಾಡಬಹುದು. ತಾನಾಗಿಯೇ ದೊಡ್ಡದಾಗಿರುವ ಪರ್ವತಕ್ಕೆ ‘ಭವ್ಯ’, ‘ಅದ್ಭುತ’, ‘ವರ್ಣನಾತೀತ’ ಎಂಬ ಮಾತುಗಳನ್ನು ಹೊದಿಸಿದರೆ ಅದು ಮರೆಯಾಗುವುದೇ ವಿನಾ ಬೆಳೆಯುವುದಿಲ್ಲ.

ಕಾಳಿದಾಸನಾದರೂ ಅತಿಶಯವನ್ನು ಬಲ್ಲವನೇ. ಆದರೂ ‘ಕುಮಾರಸಂಭವ’ದ ಮೊದಲ ಸರ್ಗದಲ್ಲಿ ಹಿಮಾಲಯವನ್ನು ವರ್ಣಿಸುವಾಗ, ಕಲ್ಲಿನಂತೆ ಗಟ್ಟಿಯಾದ ಹಿಮದ ದಾರಿಯು ಕಿನ್ನರಸ್ತ್ರೀಯರ ಕಾಲ್ಬೆರಳುಗಳನ್ನೂ ಹಿಮ್ಮಡಿಗಳನ್ನೂ ನೋಯಿಸುತ್ತದೆಂದು ಹೇಳುವುದನ್ನು ಆತನು ಮರೆಯಲಿಲ್ಲ. ನಡೆಯುವವರು ಕಿನ್ನರರು, ನೋವು ಮಾತ್ರ ನಮ್ಮದು. ಹಿಮಾಲಯದ ಚಳಿಯನ್ನು ನಾನು ಮೊದಲು ಅರಿತದ್ದು ಆ ಹಿಮ್ಮಡಿಗಳಿಂದ.

ಹಾಗಾದರೆ ಅಳತೆಗಳನ್ನು ಕೊಟ್ಟರೆ ಸಾಲದೇ ಎಂದು ಕೆಲವರು ಕೇಳಬಹುದು. ಸಾಲದು. ಬರಿಯ ವರದಿಯನ್ನು ಭಾಮಹನು ‘ವಾರ್ತೆ’ಯೆಂದು ಕರೆದು ಕಾವ್ಯದಿಂದ ಹೊರಗಿಟ್ಟನು. ಪೆರು ದೇಶದಲ್ಲಿ ಇಂಕಾ ಅರಸರು 15ನೆಯ ಶತಮಾನದಲ್ಲಿ ಕಟ್ಟಿಸಿದ ಮಾಚು ಪಿಚುವನ್ನೇ ತೆಗೆದುಕೊಳ್ಳೋಣ. ಅದು ಸಮುದ್ರಮಟ್ಟಕ್ಕೆ ಸುಮಾರು 2,430 ಮೀಟರು ಎತ್ತರದಲ್ಲಿದೆಯೆಂಬುದು ವಾರ್ತೆ. ಪ್ರವಾಸಿಗಳು ಮೊದಲು ತಂಗುವ ಕುಸ್ಕೊ ಪಟ್ಟಣವು ಸುಮಾರು 3,400 ಮೀಟರಿನಲ್ಲಿದೆ. ನಡುದಾರಿಯ ಅತ್ಯುನ್ನತ ಕಣಿವೆಬಾಯಿಯು 4,200 ಮೀಟರಿನಷ್ಟು, ಎಂದರೆ ನಮ್ಮ ಮುಳ್ಳಯ್ಯನಗಿರಿಯ ಎರಡರಷ್ಟಕ್ಕಿಂತ ಹೆಚ್ಚು. ಆದುದರಿಂದ ನಡೆದು ಹೋಗುವವನು ಉಸಿರು ಕಟ್ಟಿ ಮೇಲೇರಿ, ಕೊನೆಗೆ ಆ ಪಾಳುನಗರಕ್ಕೆ ಇಳಿದು ಬರುತ್ತಾನೆ! ಅದೇ ಅಂಕೆಗಳು ನಡೆಯುವವನ ಎದೆಗೂ ಮೊಣಕಾಲಿಗೂ ತಗುಲಿದಾಗ ಸ್ವಭಾವೋಕ್ತಿಗೆ ದಾರಿಯಾಗುತ್ತವೆ.

ಇನ್ನೊಂದು ಮಾತು. ಆ ನಗರವನ್ನು 1911ರಲ್ಲಿ ಹೈರಮ್ ಬಿಂಗ್ಹಮ್ ಎಂಬ ಅಮೆರಿಕದ ವಿದ್ವಾಂಸನು ‘ಕಂಡುಹಿಡಿದನು’ ಎಂದು ಎಲ್ಲರೂ ಬರೆಯುತ್ತಾರೆ. ಆತನು ಹೋದಾಗ ಅಲ್ಲಿ ಒಕ್ಕಲು ಸಂಸಾರಗಳು ಬೇಸಾಯ ಮಾಡಿಕೊಂಡಿದ್ದುವು. ದಾರಿ ತೋರಿದವನೂ ಆ ಸೀಮೆಯ ರೈತನೇ. ಹಾಸನಕ್ಕೆ ಕೆಲವೇ ಮೈಲಿ ದೂರದ ಕೊರವಂಗಲದ ಬೂಚೇಶ್ವರವನ್ನು ಕುರಿತು ‘ಯಾರಿಗೂ ತಿಳಿಯದ ಗುಡಿ’ ಎಂದು ಬರೆಯುವವರನ್ನೂ ನೋಡಿದ್ದೇನೆ. ಆ ಊರಿನವರು ಯಾರೂ ಅಲ್ಲವೇನು? ಅತಿಶಯೋಕ್ತಿಯು ಹೀಗೆ ಪರ್ವತವನ್ನು ಮಾತ್ರವಲ್ಲ, ಮನುಷ್ಯರನ್ನೂ ಮರೆಮಾಡುತ್ತದೆ.

ನಮ್ಮ ಜಿಲ್ಲೆಯವರೇ ಆದ ಇಬ್ಬರು ಈ ವಿಷಯದಲ್ಲಿ ಮೇಲ್ಪಂಕ್ತಿಯನ್ನು ಹಾಕಿಕೊಟ್ಟಿದ್ದಾರೆ. ಅರಕಲಗೂಡು ಸೀಮೆಯ ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರ ‘ಅಮೆರಿಕದಲ್ಲಿ ಗೊರೂರು’ ಎಂಬ ಗ್ರಂಥಕ್ಕೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಆ ಹೆಸರಿನಲ್ಲಿಯೇ ಶ್ಲೇಷವಿದೆ: ಸಾಗರವನ್ನು ದಾಟಿದವರು ಲೇಖಕರೊಬ್ಬರೇ ಅಲ್ಲ, ಅವರ ಊರೂ ಕೂಡ. ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದಲ್ಲಿ ಹುಟ್ಟಿ 2025ರಲ್ಲಿ ದಿವಂಗತರಾದ ಎಸ್. ಎಲ್. ಭೈರಪ್ಪನವರು ಆಲ್ಪ್ಸ್, ಆಂಡೀಸ್ ಪರ್ವತಗಳನ್ನು ಕಂಡವರು. ಹಿಮಾಲಯದಲ್ಲಂತೂ ಮತ್ತೆ ಮತ್ತೆ ಅಲೆದವರು. 1979ರಲ್ಲಿ ಪ್ರಕಟವಾದ ‘ಪರ್ವ’ಕ್ಕೆ ಮೊದಲು ಅವರು ಹಿಮಾಲಯದ ತಪ್ಪಲಿನಲ್ಲಿ ಸಂಚರಿಸಿದ್ದರು. ಆ ತಿರುಗಾಟದ ಫಲವು ಶಿಖರಗಳ ಸ್ತೋತ್ರವಾಗಲಿಲ್ಲ. ಪುರಾಣಪುರುಷರಿಗೆ ಹಸಿವು, ದಣಿವು, ಮುಪ್ಪುಗಳು ಬಂದುವು. ಒಬ್ಬರು ಊರನ್ನು ಪರದೇಶಕ್ಕೆ ಒಯ್ದರು. ಇನ್ನೊಬ್ಬರು ಪರ್ವತವನ್ನು ಮನುಷ್ಯನ ಮೈಗೆ ಇಳಿಸಿದರು.

ಈಗಿನವರಿಗೆ ಇದೇಕೆ ಸಾಧ್ಯವಾಗುತ್ತಿಲ್ಲವೆಂಬ ಪ್ರಶ್ನೆಗೆ ಉತ್ತರವು ಈಚೆಗೆ ಅಂಚೆಯಲ್ಲಿ ನನ್ನ ಮನೆಗೇ ಬಂದಿತು. ನನ್ನಲ್ಲಿ ಓದಿದ ಶಿಷ್ಯನೊಬ್ಬನು ಇಂಕಾ ದಾರಿಯಲ್ಲಿ ನಾಲ್ಕು ದಿನ ನಡೆದು ಬಂದು, ಬರೆದದ್ದನ್ನು ತಿದ್ದಿಕೊಡಬೇಕೆಂದು ಕಳುಹಿಸಿದ್ದನು. ಗಾರೆಯಿಲ್ಲದೆ ಕಲ್ಲಿಗೆ ಕಲ್ಲು ಕೂಡಿಸಿದ ಆ ಗೋಡೆಗಳನ್ನು ಕುರಿತು ಆತನು ಬರೆದಿದ್ದುದು ಇಷ್ಟೇ: ಶಿಲ್ಪಕಲೆಯ ಪರಾಕಾಷ್ಠೆ. ಒಂದೇ ಪುಟದಲ್ಲಿ ಮೂರು ಸಲ ಆ ಮಾತಿತ್ತು. ಓದುತ್ತಿದ್ದಂತೆ ನನಗೆ ನಾಚಿಕೆಯಾಯಿತು. ಏಕೆಂದರೆ ಆ ಮಾತು ನನ್ನದು.

ಇಪ್ಪತ್ತು ವರ್ಷಗಳ ಹಿಂದೆ ಮಕ್ಕಳನ್ನು ಕೊರವಂಗಲಕ್ಕೆ ಕರೆದೊಯ್ದು, ಮರುದಿನ ಪ್ರಬಂಧ ಬರೆಯಿಸಿದ್ದೆನು. 1173ರಲ್ಲಿ, ಇಮ್ಮಡಿ ಬಲ್ಲಾಳನ ಪಟ್ಟಾಭಿಷೇಕದ ಕಾಲಕ್ಕೆ, ಬೂಚಿಯೆಂಬ ಅಧಿಕಾರಿಯು ಕಟ್ಟಿಸಿದ ಆ ದೇಗುಲದಲ್ಲಿ ಶಿವನ ಗರ್ಭಗುಡಿಗೆ ಎದುರಾಗಿ ಸೂರ್ಯನ ಗುಡಿಯಿದೆ. ಈ ಹುಡುಗನು ಹೀಗೆ ಬರೆದನು: ‘ನಡುವೆ ನಿಂತರೆ ಯಾವುದಾದರೂ ಒಂದು ದೇವರಿಗೆ ಬೆನ್ನು ತೋರಿಸಬೇಕಾಗುತ್ತದೆ; ಆದ್ದರಿಂದ ನಾನು ಪಕ್ಕಕ್ಕೆ ತಿರುಗಿ ನಿಂತುಕೊಂಡೆನು.’ ನಾನು ಅದನ್ನು ಕೆಂಪು ಶಾಯಿಯಿಂದ ಹೊಡೆದುಹಾಕಿ, ಅಂಚಿನಲ್ಲಿ ‘ಅಪ್ರಸ್ತುತ’ವೆಂದು ಬರೆದು, ಅದರ ಬದಲಿಗೆ ‘ಹೊಯ್ಸಳ ಶಿಲ್ಪಕಲೆಯ ಪರಾಕಾಷ್ಠೆ’ ಎಂದು ಸೇರಿಸಿದೆನು. ದೇಗುಲದ ರಚನೆಯನ್ನು ಅದಕ್ಕಿಂತ ಚೆನ್ನಾಗಿ ಹೇಳುವ ವಾಕ್ಯವನ್ನು ನಾನು ಈವರೆಗೂ ಓದಿಲ್ಲ. ಹೀಗೆ ಹೊಡೆದ ಗೆರೆಗಳೆಷ್ಟೋ! ತರುಣರ ಪ್ರವಾಸಕಥನಗಳನ್ನು ಹಳಿಯುವ ಮೊದಲು ನಮ್ಮಂಥ ಉಪಾಧ್ಯಾಯರು ತಮ್ಮ ಶಾಯಿಯನ್ನು ನೋಡಿಕೊಳ್ಳತಕ್ಕದ್ದು.

ಆತನ ಹಸ್ತಪ್ರತಿಯ ಕೊನೆಯ ಪುಟದಲ್ಲಿ ಅವಸರದಿಂದ ಗೀಚಿದ ಒಂದು ಸಾಲಿತ್ತು: ಹೊರೆಯಾಳೊಬ್ಬನು ಒಲೆಯನ್ನು ಹೊತ್ತು, ಬರಿಯ ಚಪ್ಪಲಿಯ ಕಾಲಿನಲ್ಲಿ ಆತನನ್ನು ಹಿಂದೆ ಹಾಕಿ ಮೇಲೇರಿ ಹೋದನೆಂದು. ಆ ಸಾಲಿನ ಕೆಳಗೆ ಗೆರೆಯೆಳೆದು, ‘ಇಲ್ಲಿಂದ ಆರಂಭಿಸು’ ಎಂದು ಬರೆದು ಹಿಂದಕ್ಕೆ ಕಳುಹಿಸಿದ್ದೇನೆ. ಕೆಂಪು ಶಾಯಿಯನ್ನು ಬಳಸಲಿಲ್ಲ.

ಆಮೇಲೆ ಒಂದು ದಿನ ಕೊರವಂಗಲಕ್ಕೆ ಹೋಗಿ, ಎರಡು ಗುಡಿಗಳ ನಡುವೆ ನಿಂತು ನೋಡಿದೆನು. ಹುಡುಗನು ಬರೆದದ್ದು ಸರಿಯಾಗಿತ್ತು. ನಾನೂ ಪಕ್ಕಕ್ಕೆ ತಿರುಗಿದೆನು.