ಎರಡು ಸತುವಿನ ನಡುವೆ

ಮುಲ್ಲರ್‌–ಹಿಂಟನ್‌ ಅಗಾರ್‌ ತಟ್ಟೆಯನ್ನು ಬೆಳಕಿಗೆ ಹಿಡಿದು ನೋಡಬೇಕು. ತಿಳಿಹಳದಿ ಅಗಾರಿನ ಮೇಲೆ ರಾತ್ರಿಯಿಡೀ ಬೆಳೆದ ಬ್ಯಾಕ್ಟೀರಿಯಾದ ಮಸುಕು ಪದರ. ಅದರ ಮೇಲೆ ಇಮಿಪೆನೆಮ್‌ ಔಷಧಿಯ ಎರಡು ಪುಟ್ಟ ಬಿಳಿ ಬಿಲ್ಲೆ. ಒಂದರ ಅಂಚಿಗೇ ಬಂದು ಪದರ ನಿಂತಿದೆ, ಔಷಧಿಗೆ ಕವಡೆ ಕಿಮ್ಮತ್ತೂ ಇಲ್ಲ. ಇನ್ನೊಂದಕ್ಕೆ ಇಡಿಟಿಎ ದ್ರಾವಣ ಸೇರಿಸಿದೆ. ಅದರ ಸುತ್ತ ಮಾತ್ರ ದುಂಡನೆಯ, ತಿಳಿಯಾದ ವೃತ್ತ. ಎರಡರ ವ್ಯಾಸಕ್ಕೆ 7 ಮಿಲಿಮೀಟರ್‌ ಅಥವಾ ಹೆಚ್ಚಿನ ವ್ಯತ್ಯಾಸವಿದ್ದರೆ ಬ್ಯಾಕ್ಟೀರಿಯಾದ ಬಲ ಸತುವಿನಲ್ಲಿದೆ ಎಂದು ಲೆಕ್ಕ. ಇಡಿಟಿಎ ಸತುವನ್ನು ಕಸಿದುಕೊಂಡಿತು, ಔಷಧಿಯನ್ನು ಒಡೆಯುವ ಕಿಣ್ವ ಕೈಚೆಲ್ಲಿತು. ಆ ಕಿಣ್ವದ ಜೀನನ್ನು ಹೆಸರಿಟ್ಟು ಗುರುತಿಸಲು ಪಿಸಿಆರ್‌ ಬೇಕು. ಆದರೂ ಕಣ್ಣಿಗೆ ಹಬ್ಬ ಈ ತಟ್ಟೆಯೇ.

ಇಂಥ ಸತುವಿನ ಕಿಣ್ವಗಳಲ್ಲೊಂದು ಎನ್‌ಡಿಎಂ, ಅಂದರೆ ನ್ಯೂ ಡೆಲ್ಲಿ ಮೆಟಲೋ-ಬೀಟಾ-ಲ್ಯಾಕ್ಟಮೇಸ್‌. ಚೆನ್ನೈಗೆ ಈ ಕಿಣ್ವ ಹೊಸದಲ್ಲ. 2010ರಲ್ಲಿ ಲ್ಯಾನ್ಸೆಟ್‌ ಇನ್ಫೆಕ್ಷಿಯಸ್‌ ಡಿಸೀಸಸ್‌ ಪತ್ರಿಕೆಯಲ್ಲಿ ಬಂದ ಅಧ್ಯಯನದ ಮೊದಲ ಲೇಖಕ ಕಾರ್ತಿಕೇಯನ್‌ ಕುಮಾರಸಾಮಿ ಮದರಾಸು ವಿಶ್ವವಿದ್ಯಾಲಯದವರು. ಎನ್‌ಡಿಎಂ-1 ಜೀನ್‌ ಹೊತ್ತ 44 ಮಾದರಿಗಳು ಚೆನ್ನೈಯಲ್ಲೇ ಸಿಕ್ಕಿದ್ದವು. ಹೆಚ್ಚಿನವು ಇ. ಕೋಲೈ ಮತ್ತು ಕ್ಲೆಬ್ಸಿಯೆಲ್ಲಾ, ಕರುಳಲ್ಲಿ ವಾಸಿಸುವಂಥವು. ಜೀನಿನ ಹೆಸರಲ್ಲಿ ದೆಹಲಿ ಇದೆಯೆಂದು ಆಗ ದೊಡ್ಡ ಗದ್ದಲವೆದ್ದಿತು. ಆ ಗದ್ದಲದಲ್ಲಿ ಕಿಣ್ವದ ಚೆಲುವು ಯಾರ ಗಮನಕ್ಕೂ ಬೀಳಲಿಲ್ಲವೆಂಬುದು ನನ್ನ ಕೊರಗು.

ಪ್ರೋಟೀನಿನ ತಗ್ಗಿನಲ್ಲಿ ಸತುವಿನ ಎರಡು ಅಯಾನು ಕುಳಿತಿವೆ. ಒಂದನ್ನು ಮೂರು ಹಿಸ್ಟಿಡಿನ್‌ಗಳು ಹಿಡಿದಿವೆ. ಇನ್ನೊಂದನ್ನು ಹಿಸ್ಟಿಡಿನ್‌, ಸಿಸ್ಟೀನ್‌, ಆಸ್ಪಾರ್ಟೇಟ್‌ ಒಂದೊಂದು. ಎರಡರ ನಡುವೆ ಸಿಕ್ಕ ನೀರಿನ ಅಣು ಒಂದು ಪ್ರೋಟಾನ್‌ ಕಳೆದುಕೊಂಡು ಸಜ್ಜಾಗಿ ಕಾದಿರುತ್ತದೆ. ಪೆನಿಸಿಲಿನ್ನಿನಿಂದ ಮೆರೋಪೆನೆಮ್‌ವರೆಗಿನ ಔಷಧಿಗಳ ಜೀವಾಳ ನಾಲ್ಕು ಪರಮಾಣುಗಳ ಬೀಟಾ-ಲ್ಯಾಕ್ಟಮ್‌ ಉಂಗುರ. ಅದು ಒಳಬಂದದ್ದೇ ತಡ, ಆ ನೀರು ಉಂಗುರವನ್ನು ಒಡೆದು ಬಿಡುತ್ತದೆ. ಈ ಕೆಲಸ ಮಾಡುವ ಬೇರೆ ಬಹುಪಾಲು ಕಿಣ್ವಗಳು ಔಷಧಿಗೆ ಮೊದಲು ತಾವು ಅಂಟಿಕೊಂಡು, ಆಮೇಲೆ ಬಿಡಿಸಿಕೊಳ್ಳಬೇಕು. ಇದಕ್ಕೆ ಆ ರಗಳೆಯಿಲ್ಲ. ಇಷ್ಟು ಕಡಿಮೆ ಸಾಮಗ್ರಿಯಲ್ಲಿ ಇಂಥ ಅಚ್ಚುಕಟ್ಟು!

ಜೀನಾದರೋ ಕೌದಿಯಂತೆ ತುಂಡು ಸೇರಿಸಿ ಹೊಲಿದದ್ದು. ಮೊದಲ ಆರು ಅಮೈನೋ ಆಮ್ಲಗಳ ಸಂಕೇತ ಅಮೈನೋಗ್ಲೈಕೋಸೈಡ್‌ ಔಷಧಿಗಳನ್ನು ಎದುರಿಸುವ ಬೇರೊಂದು ಜೀನಿನದು. ಆ ಹೊಲಿಗೆ ಬಿದ್ದದ್ದು ಬಹುಶಃ ಅಸಿನೆಟೋಬ್ಯಾಕ್ಟರ್‌ನೊಳಗೆ. ಅಲ್ಲಿಂದ ಪ್ಲಾಸ್ಮಿಡ್‌ ಏರಿ ಕರುಳಿನ ಬ್ಯಾಕ್ಟೀರಿಯಾಗಳಿಗೆ ಹಬ್ಬಿತು. ಇದೇ ಕಿಣ್ವದ ಇನ್ನೊಂದು ರೂಪವಾದ ಎನ್‌ಡಿಎಂ-5ಕ್ಕೂ ಎನ್‌ಡಿಎಂ-1ಕ್ಕೂ ಇರುವ ವ್ಯತ್ಯಾಸ ಎರಡೇ ಅಮೈನೋ ಆಮ್ಲ: 88ರಲ್ಲಿ ವ್ಯಾಲಿನ್‌ ಹೋಗಿ, 154ರಲ್ಲಿ ಮೆಥಿಯೋನಿನ್‌ ಹೋಗಿ, ಎರಡು ಕಡೆಯೂ ಲ್ಯೂಸಿನ್‌ ಬಂದಿದೆ. ಕಿಣ್ವದ ಒಂದು ತುದಿ ಬ್ಯಾಕ್ಟೀರಿಯಾದ ಹೊರಪೊರೆಗೆ ಕೊಬ್ಬಿನ ಕೊಂಡಿಯಿಂದ ನಾಟಿಕೊಂಡಿರುತ್ತದೆ. ಅದರಿಂದಾಗಿ ಸತು ವಿರಳವಾದಾಗಲೂ ಅದು ಬೇಗ ಕೆಡುವುದಿಲ್ಲ. ನನಗೆ ಎಲ್ಲಕ್ಕಿಂತ ಬೆರಗು ತರುವುದು ಈ ಕೊಂಡಿ.

ತಟ್ಟೆಯ ಮೇಲಿನ ಪದರ ಐಸಿಯುವಿನಲ್ಲಿ ಮಲಗಿದವರೊಬ್ಬರ ರಕ್ತದ್ದೋ ಮೂತ್ರದ್ದೋ ಆಗಿರುತ್ತದೆ. ಅದನ್ನು ಮರೆತು ಸವಿಯುವ ಸೊಬಗು ಇದಲ್ಲ. ಎನ್‌ಡಿಎಂ ಅನ್ನು ಇಷ್ಟು ಹತ್ತಿರದಿಂದ ನೋಡಿದ್ದರಿಂದಲೇ ಅದರ ಕೊರತೆಯೂ ಕಂಡಿತು. ಒಂಟಿ ಉಂಗುರದ ಅಜ್ಟ್ರಿಯೋನಾಮ್‌ ಔಷಧಿಯನ್ನು ಅದು ಒಡೆಯಲಾರದು. ಅಜ್ಟ್ರಿಯೋನಾಮನ್ನು ಒಡೆಯುವ ಬೇರೆ ಕಿಣ್ವಗಳು ಅದೇ ಬ್ಯಾಕ್ಟೀರಿಯಾದಲ್ಲಿ ಇರುವುದು ಸಾಮಾನ್ಯ. ಅವುಗಳನ್ನು ತಡೆಯಲು ಏವಿಬ್ಯಾಕ್ಟಮ್‌ ಇದೆ. ಎನ್‌ಡಿಎಂ ಸೋಂಕಿಗೆ ವೈದ್ಯರು ಇವೆರಡನ್ನೂ ಈಗ ಜೊತೆಯಾಗಿ ಕೊಡುತ್ತಾರೆ.