ಹೆಸರಿಲ್ಲದ ಆಕ್ಷೇಪಣೆಗೆ ಬೆಲೆಯುಂಟೆ?

ಯಾರಾದರೂ ತಪ್ಪು ತೋರಿಸಿದರೆ ನಾವು ಮೊದಲು ಕೇಳುವುದು 'ಹೇಳಿದವರು ಯಾರು?' ಎಂದು. 'ಹೇಳಿದ್ದು ಸರಿಯೇ?' ಎಂಬ ಪ್ರಶ್ನೆ ಆಮೇಲಿನದು. ಈ ಅಭ್ಯಾಸ ವಿಜ್ಞಾನಕ್ಕೆ ಒಪ್ಪುವಂಥದ್ದೇ? ಭೌತವಿಜ್ಞಾನದ ಚರಿತ್ರೆಯ ಒಂದು ಪ್ರಸಂಗವನ್ನು ನೋಡಿ.

1936ರಲ್ಲಿ ಆಲ್ಬರ್ಟ್ ಐನ್‌ಸ್ಟೈನ್ ತಮ್ಮ ಸಹಾಯಕ ನೇಥನ್ ರೋಸೆನ್ ಅವರೊಂದಿಗೆ ಬರೆದ ಪ್ರಬಂಧವೊಂದನ್ನು ಅಮೆರಿಕದ 'ಫಿಸಿಕಲ್ ರಿವ್ಯೂ' ಪತ್ರಿಕೆಗೆ ಕಳಿಸಿದರು. ಗುರುತ್ವ ತರಂಗಗಳು ಇರಲಾರವು ಎಂಬುದು ಅದರ ತೀರ್ಮಾನ. ಸಂಪಾದಕ ಜಾನ್ ಟೇಟ್ ಅದನ್ನು ತಜ್ಞರೊಬ್ಬರಿಗೆ ತೋರಿಸಿ, ಅವರು ಬರೆದ ಹತ್ತು ಪುಟಗಳ ಆಕ್ಷೇಪಣೆಯನ್ನು ಹೆಸರು ತಿಳಿಸದೆ ಐನ್‌ಸ್ಟೈನರಿಗೆ ಕಳಿಸಿದರು. ಐನ್‌ಸ್ಟೈನರಿಗೆ ಸಿಟ್ಟು ಬಂತು. ಅಚ್ಚಾಗುವ ಮೊದಲು ಅನ್ಯರಿಗೆ ತೋರಿಸಲು ತಾವು ಅನುಮತಿ ಕೊಟ್ಟಿರಲಿಲ್ಲ, ಆ ಅನಾಮಿಕರಿಗೆ ಉತ್ತರಿಸಲು ಕಾರಣವೂ ಇಲ್ಲ ಎಂದು ತಿಳಿಸಿ ಪ್ರಬಂಧವನ್ನು ಹಿಂದಕ್ಕೆ ಪಡೆದರು.

ತಪ್ಪಿದ್ದುದು ಪ್ರಬಂಧದಲ್ಲೇ. ಭೂಪಟದಲ್ಲಿ ರೇಖಾಂಶಗಳೆಲ್ಲ ಧ್ರುವದಲ್ಲಿ ಕೂಡುತ್ತವೆ; ಹಾಗೆಂದು ಅಲ್ಲಿ ನೆಲವೇನೂ ಬಿರಿದಿಲ್ಲ. ಅಂತೆಯೇ, ನಿರ್ದೇಶಾಂಕಗಳ ಆಯ್ಕೆಯಿಂದ ಹುಟ್ಟಿದ ತೊಡಕನ್ನು ಲೇಖಕರು ನಿಸರ್ಗದ್ದೇ ಎಂದು ತಿಳಿದಿದ್ದರು. ಕೆಲವು ತಿಂಗಳ ಬಳಿಕ ಪ್ರಿನ್ಸ್‌ಟನ್ನಿನ ಹೋವರ್ಡ್ ರಾಬರ್ಟ್‌ಸನ್ ಆ ದೋಷವನ್ನು ಐನ್‌ಸ್ಟೈನರ ಹೊಸ ಸಹಾಯಕ ಇನ್‌ಫೆಲ್ಡ್ ಅವರಿಗೆ ವಿವರಿಸಿದರು. 1937ರಲ್ಲಿ ಬೇರೊಂದು ಪತ್ರಿಕೆಯಲ್ಲಿ ಪ್ರಬಂಧ ಪ್ರಕಟವಾದಾಗ ತೀರ್ಮಾನ ಬದಲಾಗಿತ್ತು. ಆ ಅನಾಮಿಕ ತಜ್ಞರು ರಾಬರ್ಟ್‌ಸನ್ನರೇ ಎಂಬುದನ್ನು 2005ರಲ್ಲಿ ಡೇನಿಯಲ್ ಕೆನೆಫಿಕ್ ದಾಖಲೆಗಳಿಂದ ತೋರಿಸಿದರು. 2015ರಲ್ಲಿ ಲೈಗೊ ಉಪಕರಣಗಳು ಗುರುತ್ವ ತರಂಗಗಳನ್ನು ನೇರವಾಗಿ ಪತ್ತೆಹಚ್ಚಿದವು.

ಹಾಗಾದರೆ ಮೂಕರ್ಜಿಗಳನ್ನೆಲ್ಲ ನಂಬಬೇಕೆ? ಖಂಡಿತ ಇಲ್ಲ. ರಾಬರ್ಟ್‌ಸನ್ನರ ಹೆಸರು ಲೇಖಕರಿಗೆ ಗೊತ್ತಿರಲಿಲ್ಲ, ಸಂಪಾದಕರಿಗೆ ಗೊತ್ತಿತ್ತು. ಹೊಣೆ ಹೊರುವವರು ಒಬ್ಬರಿದ್ದರು. ಇನ್ನೂ ಮುಖ್ಯವಾಗಿ, ಅವರು ಆಕ್ಷೇಪಿಸಿದ್ದು ಗಣಿತವನ್ನು, ಐನ್‌ಸ್ಟೈನರನ್ನಲ್ಲ. ಆ ಹತ್ತು ಪುಟಗಳನ್ನು ಯಾರು ಬೇಕಾದರೂ ಲೆಕ್ಕ ಮಾಡಿ ತಾಳೆ ನೋಡಬಹುದಿತ್ತು. 'ಇವರು ಕಳ್ಳರು' ಎಂದಷ್ಟೇ ಹೇಳುವ ಮೂಕರ್ಜಿಯಲ್ಲಿ ತಾಳೆ ನೋಡಲು ಏನೂ ಇರುವುದಿಲ್ಲ. ಅಲ್ಲಿ ಹೆಸರು ಕೇಳುವುದು ನ್ಯಾಯವೇ.

ಕೀರ್ತಿಯಿಂದ ಒಂದು ಪ್ರಯೋಜನವುಂಟು: ಯಾರ ಮಾತನ್ನು ಮೊದಲು ಓದಬೇಕೆಂದು ಅದು ಸೂಚಿಸುತ್ತದೆ. ಆ ಮಾತು ಸರಿಯೇ ಎಂದು ಹೇಳುವ ಶಕ್ತಿ ಅದಕ್ಕಿಲ್ಲ. ಶಿಕ್ಷಕ ಮಿತ್ರರೇ, ನಾಳೆ ನಿಮ್ಮ ಮೇಜಿನ ಮೇಲೆ 'ಮೂರನೆಯ ಸಾಲಿನಲ್ಲಿ ಚಿಹ್ನೆ ತಪ್ಪಿದೆ' ಎಂಬ ಸಹಿಯಿಲ್ಲದ ಚೀಟಿ ಸಿಕ್ಕರೆ, ಬರೆದವರನ್ನು ಹುಡುಕಬೇಡಿ. ಮೂರನೆಯ ಸಾಲನ್ನು ನೋಡಿ.