ಕಲ್ಲಾಗಿ ಉಳಿದ ಕಿವಿ

ಕಾರಂಜಿ ಕೆರೆ ದಂಡೆಯ ನಿಸರ್ಗ ಚರಿತ್ರೆಯ ಮ್ಯೂಸಿಯಮ್ಮಿಗೆ ಮಕ್ಕಳನ್ನು ಕರೆದೊಯ್ಯುವ ಮೈಸೂರಿನವರಿಗೆ ನಾನು ಹೇಳಲೇಬೇಕಾದದ್ದು ತಿಮಿಂಗಿಲದ ಕಿವಿಯ ಕಥೆ. ಕಿವಿಯ ಮೂಳೆ ಪುಟ್ಟ ಬಟ್ಟಲಿನಂತಿದೆ. ಹೊರಗೋಡೆ ತೆಳು, ಒಳಗೋಡೆ ಮಾತ್ರ ದಪ್ಪ, ಭಾರ. ತಿಮಿಂಗಿಲ, ಡಾಲ್ಫಿನ್‌ಗಳ ಕುಲಕ್ಕೆ ಇದೇ ಗುರುತು.

ಭೂವಿಜ್ಞಾನಿ ಎ. ರಂಗರಾವ್ ಜಮ್ಮು-ಕಾಶ್ಮೀರದ ಕಾಲಾಕೋಟ್‌ನಲ್ಲಿ ಕೂಡಿಟ್ಟಿದ್ದ ಕಲ್ಲುಗಳಲ್ಲಿ ಬೆಕ್ಕಿನಷ್ಟು ದೊಡ್ಡ, ಗೊರಸಿನ ಪ್ರಾಚೀನ ಪ್ರಾಣಿ ಇಂಡೋಹಯಸ್ ಅಡಗಿತ್ತು. ಎಷ್ಟೋ ವರ್ಷದ ಮೇಲೆ ಬುರುಡೆ ಬಿಡಿಸುವಾಗ ಕಿವಿಯ ಭಾಗ ಮುರಿಯಿತು. ನೋಡಿದರೆ ಒಳಗೆ ಅದೇ ದಪ್ಪ ಗೋಡೆ! ಪಳೆಯುಳಿಕೆ ವಿಜ್ಞಾನಿ ಥೆವಿಸನ್ ಅವರ ತಂಡ 2007ರಲ್ಲಿ ಈ ಪ್ರಾಣಿಯನ್ನು ತಿಮಿಂಗಿಲದ ಹತ್ತಿರದ ಬಂಧುವೆಂದು ಸಾರಿತು. ಕಲ್ಲನ್ನು ಕಣಕಣವಾಗಿ ಕೆರೆದು ಮೂಳೆ ಬಿಡಿಸುವ ಆ ತಾಳ್ಮೆಗೆ ಕೈಮುಗಿಯುತ್ತೇನೆ.

ಇನ್ನು 4 ಕೋಟಿ ವರ್ಷಕ್ಕೂ ಹಿಂದೆ ಕಚ್ಛ್‌ನ ಬೆಚ್ಚನೆಯ ಕಡಲಲ್ಲಿದ್ದ ರೆಮಿಂಗ್ಟನೋಸೀಟಸ್ ಎಂಬ ಆದಿ ತಿಮಿಂಗಿಲದ ಚೆಲುವೇ ಬೇರೆ. ಉದ್ದ ಮೂತಿ, ಸಣ್ಣ ಕಣ್ಣು. ನೀರಿನ ಸದ್ದು ಕೆಳದವಡೆಯ ದೊಡ್ಡ ರಂಧ್ರದ ಮೂಲಕ ಕಿವಿಗೆ ತಲುಪುತ್ತಿತ್ತು.